ನಿದ್ದೆಗೆಟ್ಟರೆ ನೆನಪು ಕೈಕೊಡುತ್ತದೆ: ಬಿರುಸು ನಡಿಗೆ ಸಹಾಯಕ್ಕೆ ಬರುತ್ತದಾ?

ಕುಂಬಳೆ ನೈಟ್ ಡ್ಯೂಟಿ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಮನೆ ಕುಂಬಳೆ ಹತ್ತಿರ, ಹೋಗಿ ಬರುವುದು ರೈಲಿನಲ್ಲಿ. ರಾತ್ರಿಪಾಳಿ ಬಂದ ವಾರ ತಲೆ ನನ್ನದಲ್ಲ. ಗೊತ್ತಿರುವ ಕೆಲಸಕ್ಕೆ ತೊಂದರೆ ಇಲ್ಲ, ಕೈ ತಾನಾಗಿ ನಡೆಯುತ್ತದೆ. ಹೊಸದಾಗಿ ಕೇಳಿದ್ದು ಮಾತ್ರ ನಿಲ್ಲುವುದೇ ಇಲ್ಲ. ಮಧ್ಯರಾತ್ರಿ ಡಾಕ್ಟರು ಹೇಳಿದ ಬದಲಾವಣೆಯನ್ನು ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಳ್ಳುತ್ತೇನೆ, ಆಮೇಲೆ ಪುಸ್ತಕಕ್ಕೆ ಏರಿಸುತ್ತೇನೆ. ಬೆಳಿಗ್ಗೆ ಚಾರ್ಜ್ ಕೊಡುವಾಗ ಪುಸ್ತಕ ನೋಡದೆ ಒಂದು ಮಾತೂ ಬರುವುದಿಲ್ಲ.

ಜೊತೆಯವಳು ಒಬ್ಬಳು ಹೇಳುತ್ತಾಳೆ, ದಿನಾ ವಾಕಿಂಗ್, ಸೈಕಲ್ ಎಲ್ಲ ಮಾಡುವವರಿಗೆ ನಿದ್ದೆ ಬಿಟ್ಟರೂ ನೆನಪು ಅಷ್ಟು ಹಾಳಾಗುವುದಿಲ್ಲವಂತೆ. ಸಂಶೋಧನೆಯೇ ಆಗಿದೆಯಂತೆ. ಇದು ನಿಜವಾ, ಅಥವಾ ವಾಟ್ಸಾಪ್ ಜ್ಞಾನವಾ? ನಿಜ ಅಂತಾದರೆ ಎಷ್ಟು ನಡೆಯಬೇಕು? ಡ್ಯೂಟಿಗೆ ಮುಂಚೆಯಾ, ಮುಗಿದ ಮೇಲಾ?

ಪೆರ್ಲದ ತೋಟದವ

ವ್ಯಾಯಾಮದಿಂದ ನೆನಪು ಉಳಿಯುವುದಾದರೆ ನಮ್ಮ ಊರಿನವರೆಲ್ಲ ಅಷ್ಟಾವಧಾನಿಗಳೇ ಆಗಬೇಕಿತ್ತು ಮಾರಾಯ್ರೆ. ಹಗಲಿಡೀ ತೋಟದಲ್ಲಿ ಹತ್ತಿ ಇಳಿಯುವುದೇ ಕೆಲಸ. ರಾತ್ರಿ ಮಲಗುವ ಹೊತ್ತಿಗೆ ಹಂದಿ. ಟಾರ್ಚ್ ಹಿಡಿದು, ಡಬ್ಬ ಬಡಿದು ಓಡಿಸಿ ಬಂದು ಮಲಗಿದರೆ ಇನ್ನೊಂದು ಬದಿಯಿಂದ ಇನ್ನೊಂದು ಹಿಂಡು. ಮರುದಿನ ಮೋಟರ್ ಆಫ್ ಮಾಡಿದೆನಾ ಇಲ್ಲವಾ ಅಂತ ನೆನಪಿಲ್ಲ. ಯಾವ ಸಾಲಿಗೆ ಗೊಬ್ಬರ ಹಾಕಿ ಆಗಿದೆ ಅಂತ ಗೊತ್ತಾಗದೆ ಬುಡ ಬುಡ ಬಗ್ಗಿ ನೋಡಬೇಕು. ಇಷ್ಟು ಮೈ ಬಗ್ಗಿಸುವವನಿಗೇ ಹೀಗೆ. ಇನ್ನು ಪಾರ್ಕಿನಲ್ಲಿ ನಡೆದರೆ ಎಂತ ಆಗುತ್ತದೆ?

ಸುಮ್ನೆ ತಮಾಷೆಗೆ ಕೇಳುತ್ತಿಲ್ಲ. ತೋಟದ ಕೆಲಸ ವ್ಯಾಯಾಮ ಹೌದಾ ಅಲ್ಲವಾ, ಯಾರಾದರೂ ಹೇಳಿ.

ಬದಿಯಡ್ಕ ಮೇಷ್ಟ್ರು

ನಾನು ಜೀವಶಾಸ್ತ್ರ ಪಾಠ ಮಾಡುವವ, ಡಾಕ್ಟರಲ್ಲ. ಓದಿದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಮೆದುಳಿನ ಒಳಗೆ, ಎರಡೂ ಕಿವಿಗಳ ನೇರಕ್ಕೆ, ಹಿಪೊಕ್ಯಾಂಪಸ್ ಅಂತ ಒಂದೊಂದು ಭಾಗ ಉಂಟು. ಈಗ ತಾನೇ ಕಂಡದ್ದು, ಕೇಳಿದ್ದು ನೆನಪಾಗಿ ಕೂರಬೇಕಾದರೆ ಮೊದಲು ಇದರ ಕೈದಾಟಬೇಕು. ಹಗಲಿನ ಅನುಭವ ಇಲ್ಲಿಗೆ ಬಂದು ಬೀಳುವುದು ಅಂಗಳಕ್ಕೆ ಅಡಿಕೆ ಹರವಿದ ಹಾಗೆ. ಒಣಗಿಸಿ, ಹೆಕ್ಕಿ, ಅಟ್ಟಕ್ಕೆ ಏರಿಸುವ ಕೆಲಸ ಆಗುವುದು ನಿದ್ದೆಯಲ್ಲಿ. ಇದು ಬರೀ ಊಹೆ ಅಲ್ಲ. 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಎಂಬ ಇಬ್ಬರು ಇಲಿಗಳ ಹಿಪೊಕ್ಯಾಂಪಸ್‌ನ ಜೀವಕೋಶಗಳನ್ನು ದಾಖಲು ಮಾಡಿ ನೋಡಿದರು. ಎಚ್ಚರ ಇದ್ದಾಗ ಓಡಾಡುವಾಗ ಯಾವ ಕೋಶಗಳು ಜೊತೆಯಾಗಿ ಮಿಡಿದಿದ್ದವೋ, ಆಮೇಲೆ ಇಲಿ ಗಾಢ ನಿದ್ದೆ ಮಾಡುವಾಗ ಅವೇ ಮತ್ತೆ ಜೊತೆಯಾಗಿ ಮಿಡಿಯುತ್ತಿದ್ದವು.

ನಿದ್ದೆ ತಪ್ಪಿದರೆ ಎರಡು ಕಡೆಯಿಂದ ಹೊಡೆತ. ನಿನ್ನೆ ಕಲಿತದ್ದು ಗಟ್ಟಿಯಾಗುವುದಿಲ್ಲ. ಇವತ್ತಿನದ್ದನ್ನು ಹಿಡಿದುಕೊಳ್ಳುವ ಶಕ್ತಿಯೂ ಕುಂದುತ್ತದೆ. ನರ್ಸ್ ಅಕ್ಕ ಹೇಳಿದ್ದು ಈ ಎರಡನೆಯದು.

ಇನ್ನು ವ್ಯಾಯಾಮದ ವಿಷಯ. ನಿಮ್ಮ ಜೊತೆಯವರು ಹೇಳಿದ್ದು ಪೂರ್ತಿ ವಾಟ್ಸಾಪ್ ಜ್ಞಾನ ಅಲ್ಲ. ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಕರೀಂ ಅಲ್ಕಾಧಿ ಅವರ ತಂಡ ಇದನ್ನು ಇಲಿಗಳಲ್ಲಿ ನೋಡಿದೆ. 2012ರಲ್ಲಿ ಪ್ರಕಟವಾದ ಕೆಲಸ. ಕೆಲವು ಇಲಿಗಳನ್ನು 4 ವಾರ ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಆಮೇಲೆ 24 ಗಂಟೆ ಕನಸಿನ ಹಂತದ ನಿದ್ದೆ ಸಿಗದ ಹಾಗೆ ಮಾಡಿದರು. ಹೇಗೆ ಗೊತ್ತಾ? ನೀರಿನ ನಡುವೆ ಸಣ್ಣ ಕಂಬಗಳು, ಅದರ ಮೇಲೆ ಇಲಿ. ಕನಸಿನ ನಿದ್ದೆ ಬರುವಾಗ ಮೈಯ ಸ್ನಾಯುಗಳೆಲ್ಲ ಸಡಿಲ ಆಗುತ್ತವೆ, ಇಲಿ ನೀರಿಗೆ ಜಾರುತ್ತದೆ, ಎಚ್ಚರ ಆಗುತ್ತದೆ. ಪಾಪ.

ಮರುದಿನ ಅವುಗಳನ್ನು ನೀರು ತುಂಬಿದ, ಹಲವು ಕವಲುಗಳ ಒಂದು ಜಾಲದಲ್ಲಿ ಬಿಟ್ಟರು. ಯಾವ ಕವಲಿನಲ್ಲಿ ನಿಲ್ಲುವ ಜಾಗ ಉಂಟು ಅಂತ ಕಲಿತು ನೆನಪಿಟ್ಟುಕೊಳ್ಳಬೇಕು. ಬರೀ ನಿದ್ದೆಗೆಟ್ಟ ಇಲಿಗಳು ತಪ್ಪು ಕವಲಿಗೆ ಜಾಸ್ತಿ ಹೋದವು. 4 ವಾರ ಓಡಿ ಆಮೇಲೆ ನಿದ್ದೆಗೆಟ್ಟವು ಚೆನ್ನಾಗಿ ನಿದ್ದೆ ಮಾಡಿದ ಇಲಿಗಳ ಹಾಗೆಯೇ ದಾರಿ ಹುಡುಕಿದವು. ಹಿಪೊಕ್ಯಾಂಪಸ್‌ನಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ಸಂಪರ್ಕ ಬಲವಾಗುವ ಕ್ರಿಯೆ ಉಂಟು, ನೆನಪಿನ ತಳಪಾಯವೇ ಅದು. ನಿದ್ದೆ ಹೋದಾಗ ಅದು ಕುಗ್ಗಿತ್ತು, ಓಡಿದ ಇಲಿಗಳಲ್ಲಿ ಕುಗ್ಗಲಿಲ್ಲ. ಬಿಡಿಎನ್‌ಎಫ್ ಎಂಬ ಪ್ರೋಟೀನ್ ಕೂಡ ಹಾಗೆಯೇ. ನರಕೋಶಗಳನ್ನು ಪೋಷಿಸುವ ಪ್ರೋಟೀನ್ ಅದು. ನಿದ್ದೆಗೇಡು ಅದನ್ನು ಇಳಿಸುತ್ತದೆ, ವ್ಯಾಯಾಮ ಇಳಿಯಲಿಕ್ಕೆ ಬಿಡಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದು. ನಿದ್ದೆಗೆಟ್ಟ ದಿನ ಓಡಿದ್ದಲ್ಲ. ಅದಕ್ಕೆ ಮುಂಚೆ ವಾರಗಟ್ಟಲೆ ಓಡಿದ್ದು.

ಸಂಶಯದ ಪ್ರಾಣಿ

ಮೇಷ್ಟ್ರೇ, ಇಲಿಗೆ ಹೆಂಡತಿ ಮಕ್ಕಳಿಲ್ಲ, ಸಾಲ ಇಲ್ಲ, ಮೊಬೈಲ್ ಇಲ್ಲ. ಇಲಿಗೆ ಆದದ್ದು ಮನುಷ್ಯನಿಗೆ ಆಗಬೇಕು ಅಂತ ಎಲ್ಲಿದೆ? ಇಲಿಯಲ್ಲಿ ಗೆದ್ದು ಮನುಷ್ಯನಲ್ಲಿ ಸೋತ ಔಷಧಿಗಳು ಲೆಕ್ಕವಿಲ್ಲದಷ್ಟು. ಮತ್ತೆ 24 ಗಂಟೆ ಒಮ್ಮೆ ನಿದ್ದೆ ಬಿಡುವುದೂ, ವರ್ಷಗಟ್ಟಲೆ 5 ಗಂಟೆ ಮಲಗುವುದೂ ಒಂದೇ ಅಲ್ಲ. ನಮ್ಮ ಜನರ ತೊಂದರೆ ಎರಡನೆಯದು.

ಬದಿಯಡ್ಕ ಮೇಷ್ಟ್ರು

ಸರಿಯಾದ ಪ್ರಶ್ನೆ. ಮನುಷ್ಯರಲ್ಲಿ ಇಷ್ಟು ನೇರವಾದ ಉತ್ತರ ಇಲ್ಲ. ತುಂಡು ತುಂಡಾಗಿ ಉಂಟು.

ಒಂದು ತುಂಡು 2011ರದ್ದು. ಎರಿಕ್ಸನ್ ಮತ್ತು ಜೊತೆಯವರು 120 ಮಂದಿ ಹಿರಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ 3 ದಿನ, ಏರುತ್ತಾ ಹೋಗಿ 40 ನಿಮಿಷದವರೆಗೆ ನಡೆಯಿತು. ಇನ್ನೊಂದು ಗುಂಪು ಮೈ ಎಳೆಯುವ, ಬಗ್ಗಿಸುವ ವ್ಯಾಯಾಮ ಮಾತ್ರ ಮಾಡಿತು. ಒಂದು ವರ್ಷ ಆಗುವಾಗ ನಡೆದವರ ಹಿಪೊಕ್ಯಾಂಪಸ್ ಸುಮಾರು ಶೇ. 2 ಬೆಳೆದಿತ್ತು. ಇನ್ನೊಂದು ಗುಂಪಿನವರದ್ದು ಶೇ. 1.4ರಷ್ಟು ಕುಗ್ಗಿತ್ತು. ವಯಸ್ಸಾದ ಹಾಗೆ ಕುಗ್ಗುವುದು ಸಹಜ, ಬೆಳೆದದ್ದೇ ವಿಶೇಷ. ಆದರೆ ಇವರ ನಿದ್ದೆ ಕೆಡಿಸಿ ನೋಡಿದ್ದಲ್ಲ, ಅದನ್ನು ಒಪ್ಪಬೇಕು. ನಿದ್ದೆಗೇಡು ಎಲ್ಲಿ ಪೆಟ್ಟು ಕೊಡುತ್ತದೋ ಅದೇ ಜಾಗವನ್ನು ನಡಿಗೆ ಗಟ್ಟಿ ಮಾಡುತ್ತದೆ ಅನ್ನುವಷ್ಟು ಹೇಳಬಹುದು.

ಮಂಜೇಶ್ವರ ಫಿಸಿಯೋ

ಸಂಶಯದವರು ಕೇಳಿದ ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಒಂದು ಉತ್ತರ ಉಂಟು. ಕೇಳಿದರೆ ವಾಕಿಂಗ್ ಪ್ರಿಯರಿಗೆ ಬೇಜಾರಾಗಬಹುದು.

2023ರಲ್ಲಿ ಲಂಡನ್‌ನ ಯುನಿವರ್ಸಿಟಿ ಕಾಲೇಜಿನವರು 50 ದಾಟಿದ 8,958 ಮಂದಿಯ ಲೆಕ್ಕ ಪ್ರಕಟಿಸಿದರು. ಎಲ್ಲರೂ ಇಂಗ್ಲೆಂಡಿನವರು, 10 ವರ್ಷದ ಮಾಹಿತಿ. 10 ಪದಗಳನ್ನು ಕೇಳಿಸಿ ಆಮೇಲೆ ಎಷ್ಟು ನೆನಪಿದೆ ಅಂತ ಕೇಳುವುದು, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಅಂತ ನೋಡುವುದು, ಇಂಥ ಪರೀಕ್ಷೆಗಳು. ಶುರುವಿನಲ್ಲಿ ಚೆನ್ನಾಗಿ ವ್ಯಾಯಾಮ ಮಾಡುವವರು ಮುಂದಿದ್ದರು. ಆದರೆ ಅವರಲ್ಲಿ 6 ಗಂಟೆಗಿಂತ ಕಮ್ಮಿ ಮಲಗುವವರು, ಅದೂ 50 ದಾಟಿ 70 ಆಗದವರು, ಬೇಗ ಬೇಗ ಕೆಳಗೆ ಬಂದರು. 10 ವರ್ಷ ಆಗುವಾಗ ಅವರೂ ವ್ಯಾಯಾಮ ಕಮ್ಮಿ ಮಾಡುವವರೂ ಒಂದೇ ಮಟ್ಟ. 70 ದಾಟಿದವರಲ್ಲಿ ಮಾತ್ರ ವ್ಯಾಯಾಮದ ಲಾಭ ಹಾಗೆಯೇ ಉಳಿಯಿತು.

ಅಂದರೆ ಒಂದೆರಡು ರಾತ್ರಿಯ ಪೆಟ್ಟನ್ನು ಗಟ್ಟಿ ಮೈ ತಡೆದುಕೊಳ್ಳಬಹುದು. ವರ್ಷಗಟ್ಟಲೆ ನಿದ್ದೆ ಕದ್ದರೆ ವಾಕಿಂಗ್ ಶೂ ಕಾಪಾಡುವುದಿಲ್ಲ. ನನ್ನ ಹತ್ತಿರ ಬರುವವರಲ್ಲಿ ಬೆಳಿಗ್ಗೆ 4ಕ್ಕೆ ಅಲಾರಂ ಇಟ್ಟು, ನಿದ್ದೆ ಮೊಟಕು ಮಾಡಿ ಜಿಮ್‌ಗೆ ಹೋಗುವವರೂ ಇದ್ದಾರೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿದುಕೊಳ್ಳುವ ಲೆಕ್ಕ ಅದು.

ಮುಳ್ಳೇರಿಯ ವೇಷಧಾರಿ

ನಾನು ಹವ್ಯಾಸಿ ಯಕ್ಷಗಾನ ಕಲಾವಿದ. ಸಂಘದ ಆಟಗಳಲ್ಲಿ ಪುಂಡುವೇಷ, ಅಂದರೆ ಚುರುಕಾಗಿ ಕುಣಿಯುವ ಹುಡುಗರ ಪಾತ್ರ. ದೀಪಾವಳಿ ಕಳೆದ ಮೇಲೆ ಪತ್ತನಾಜೆವರೆಗೆ, ಅಂದರೆ ಮೇ ಕೊನೆಯವರೆಗೆ, ನನ್ನ ವಾರಾಂತ್ಯದ ನಿದ್ದೆ ಎಲ್ಲ ಚೌಕಿಯಲ್ಲೇ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲೇ. ಈಗ ಕಾಲಮಿತಿ ಬಂದು ಮಧ್ಯರಾತ್ರಿಗೆ ಮುಗಿಯುವ ಆಟ ಜಾಸ್ತಿ. ಆದರೂ ನಮ್ಮ ಈ ಕಡೆ ಹರಕೆಯ ಆಟ ಬೆಳಗಿನವರೆಗೆ ನಡೆಯುವುದು ಉಂಟು.

ನನ್ನ ಅನುಭವ ವಿಚಿತ್ರ. ಬೆಳಗಿನ ಜಾವ 4 ಗಂಟೆಗೆ ರಂಗಸ್ಥಳಕ್ಕೆ ಹೋದರೂ ಪದ್ಯಕ್ಕೆ ಸರಿಯಾಗಿ ಅರ್ಥ, ಅಂದರೆ ಪಾತ್ರದ ಮಾತು, ಬರುತ್ತದೆ. ಹತ್ತಾರು ಧಿಗಿಣ (ಹಾರಿ ಸುತ್ತುವ ಕುಣಿತ) ಹಾಕಿ ಏದುಸಿರು ಬಂದರೂ ಮಾತು ತಪ್ಪುವುದಿಲ್ಲ. ಆದರೆ ಅದೇ ರಾತ್ರಿ ಚೌಕಿಯಲ್ಲಿ ಭಾಗವತರು ಬಂದು 'ಇವತ್ತು ಆ ಎರಡು ಪದ್ಯ ಬಿಡುವ, ನೇರ ಯುದ್ಧಕ್ಕೆ ಹೋಗುವ' ಅಂದರೆ, ಬಣ್ಣ ಹಚ್ಚಿ ಏಳುವಷ್ಟರಲ್ಲಿ ಮರೆತಿರುತ್ತದೆ. ಚೆಂಡೆಯವರು ಕಣ್ಣು ಬಿಟ್ಟು ನೋಡಿದ ಮೇಲೆ ನೆನಪಾಗುವುದು. ಇಷ್ಟೆಲ್ಲ ಕುಣಿದೂ ಹೀಗೇಕೆ?

ಉಪ್ಪಳ ವ್ಯಾನ್

ಕಾಲಮಿತಿ ಆಟ ಆಟವೇ ಅಲ್ಲ. ಮಹಿಷಾಸುರ ರಾತ್ರಿ 9ಕ್ಕೆ ಬಂದರೆ ಯಾರಿಗೆ ಹೆದರಿಕೆ ಆಗುತ್ತದೆ?

ಪೆರ್ಲದ ತೋಟದವ

ಬೆಳಗಿನವರೆಗೆ ಆಟ ನೋಡಿದವರು ಎಷ್ಟು ಜನ? ಅರ್ಧ ಜನ ಚಾಪೆ ಹಾಕಿ ಮಲಗಿದ್ದೇ ಅಲ್ವಾ. ಚೆಂಡೆ ಜೋರಾದಾಗ ಏಳುವುದು, ಮತ್ತೆ ಮಲಗುವುದು.

ವೇದಿಕೆ ಕಾವಲು

ಕಾಲಮಿತಿ ಬೇಕೋ ಬೇಡವೋ ಎನ್ನುವ ಜಗಳಕ್ಕೆ ಬೇರೆ ಎಳೆ ಉಂಟು, ಈಗಾಗಲೇ ಸಾಕಷ್ಟು ಉದ್ದ ಆಗಿದೆ. ಇಲ್ಲಿ ನಿದ್ದೆ, ನೆನಪು, ವ್ಯಾಯಾಮ ಸಾಕು.

ಬದಿಯಡ್ಕ ಮೇಷ್ಟ್ರು

ವೇಷಧಾರಿಗಳು ಹೇಳಿದ್ದು ಬಹಳ ಚೆನ್ನಾದ ಉದಾಹರಣೆ. ಪದ್ಯ, ಅರ್ಥ, ಹೆಜ್ಜೆ ಎಲ್ಲ ವರ್ಷಗಳ ಅಭ್ಯಾಸ. ಅದು ಎಂದೋ ಮೆದುಳಿನ ಬೇರೆ ಬೇರೆ ಕಡೆ ಗಟ್ಟಿಯಾಗಿ ಕೂತಾಗಿದೆ. ಅದನ್ನು ಹೊರಗೆ ತೆಗೆಯಲಿಕ್ಕೆ ಹಿಪೊಕ್ಯಾಂಪಸ್ ಅಷ್ಟೇನೂ ಬೇಕಾಗುವುದಿಲ್ಲ. ಒಂದು ರಾತ್ರಿಯ ನಿದ್ದೆಗೇಡು ಮೊದಲು ಕೈ ಹಾಕುವುದು ಹೊಸ ನೆನಪಿಗೆ, ಗಮನಕ್ಕೆ. ಭಾಗವತರು ಈಗ ಹೇಳಿದ ಬದಲಾವಣೆ ಹೊಸದು, ಅದು ಜಾರಿತು. ನರ್ಸ್ ಅಕ್ಕನ ಕೈ ತಾನಾಗಿ ನಡೆಯುವುದೂ, ಡಾಕ್ಟರ ಹೊಸ ಮಾತು ನಿಲ್ಲದ್ದೂ ಇದೇ ಕಾರಣಕ್ಕೆ.

ಇದರಲ್ಲಿ ಒಂದು ಅಪಾಯವೂ ಉಂಟು. ಹಳೇ ಕೆಲಸ ಸಲೀಸಾಗಿ ನಡೆಯುವ ಕಾರಣ ‘ನಂಗೇನೂ ಆಗಿಲ್ಲ’ ಅಂತ ಅನಿಸುತ್ತದೆ.

ಉಪ್ಪಳ ವ್ಯಾನ್

ಆ ಕೊನೆಯ ಮಾತು ನನ್ನ ಲೈನಿನದ್ದು. ನಾನು ವ್ಯಾನ್ ಓಡಿಸುವವ. ಏರ್‌ಪೋರ್ಟ್ ಬಾಡಿಗೆ ಜಾಸ್ತಿ, ಅದೆಲ್ಲ ಬರುವುದು ಅಪರಾತ್ರಿಗೆ. ನಮ್ಮವರಲ್ಲಿ ಒಂದು ನಂಬಿಕೆ ಉಂಟು: ನಿದ್ದೆ ಬಂದರೆ ಗಾಡಿ ನಿಲ್ಲಿಸಿ, ರಸ್ತೆ ಬದಿಯಲ್ಲಿ ಹತ್ತು ಸಲ ಕುಳಿತು ಎದ್ದು, ಮುಖಕ್ಕೆ ನೀರು ಹಾಕಿದರೆ ಮುಗಿಯಿತು ಅಂತ. ಈ ಎಳೆ ಓದಿದ ಹುಡುಗರು ‘ನಾನು ದಿನಾ ಓಡುತ್ತೇನೆ, ನಂಗೆ ನಿದ್ದೆ ಬೇಡ’ ಅಂತ ಸ್ಟೇರಿಂಗ್ ಹಿಡಿದರೆ ಕಷ್ಟ.

17 ಗಂಟೆ ಎಚ್ಚರ ಇದ್ದವನ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಮದ್ಯ ಇದ್ದವನ ಹಾಗೆ ಆಗುತ್ತದೆ ಅಂತ 1997ರಲ್ಲೇ ಆಸ್ಟ್ರೇಲಿಯಾದಲ್ಲಿ ಅಳೆದು ತೋರಿಸಿದ್ದಾರೆ. ನಮ್ಮ ದೇಶದ ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ. 0.03. ಲೆಕ್ಕ ಹಾಕಿ. ಬೆಳಿಗ್ಗೆ 6ಕ್ಕೆ ಎದ್ದವ ರಾತ್ರಿ 11ಕ್ಕೆ ಒಂದು ತೊಟ್ಟು ಕುಡಿಯದೆಯೂ ಮಿತಿ ದಾಟಿದವನ ಹಾಗೆ ಓಡಿಸುತ್ತಾ ಇರುತ್ತಾನೆ. ಪೊಲೀಸರ ಊದುವ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ, ಅಷ್ಟೇ.

ಮಂಜೇಶ್ವರ ಫಿಸಿಯೋ

ವ್ಯಾನಿನವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಇಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿ ಹೋಗುತ್ತಿದೆ, ಬಿಡಿಸಿ ಹೇಳುತ್ತೇನೆ.

ನಿದ್ದೆಗೆಟ್ಟ ಮೇಲೆ ಮಾಡುವ ವ್ಯಾಯಾಮ ಒಂದು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು 2023ರಲ್ಲಿ ಇದನ್ನು ನೋಡಿದ್ದಾರೆ. ಸರಿಯಾಗಿ ಮಲಗದವರಿಗೆ 20 ನಿಮಿಷ ಹದವಾಗಿ ಸೈಕಲ್ ತುಳಿಸಿದರು. ಬುದ್ಧಿಯ ಪರೀಕ್ಷೆಗಳಲ್ಲಿ ಅವರು ಸ್ವಲ್ಪ ಚುರುಕಾದರು. ಆದರೆ ಅದು ಆ ಹೊತ್ತಿನ ಚುರುಕು. ಕಲಿತದ್ದು ನಾಳೆ ನಾಡಿದ್ದಿಗೆ ಉಳಿಯುವ ಮಾತಲ್ಲ. ಎಚ್ಚರ ಇದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ, ತೂಕಡಿಕೆ ಬರುವುದು ಅದರಿಂದ. ಅದನ್ನು ಕೆಳಗಿಳಿಸುವುದು ನಿದ್ದೆಯೇ. ಕುಳಿತು ಎದ್ದರೆ ಇಳಿಯುವುದಿಲ್ಲ. ಕಾಫಿ ಕೂಡ ಅದನ್ನು ಇಳಿಸುವುದಿಲ್ಲ, ಅದರ ಬಾಗಿಲಲ್ಲಿ ಅಡ್ಡ ನಿಲ್ಲುತ್ತದೆ ಅಷ್ಟೇ.

ಇನ್ನೊಂದು ಮೇಷ್ಟ್ರು ಹೇಳಿದ್ದು. ವಾರಗಟ್ಟಲೆ ಮಾಡಿ ಮೈಗೆ, ಮೆದುಳಿಗೆ ಮೊದಲೇ ಬಂದಿರುವ ತಾಕತ್ತು. ನೆನಪಿಗೆ ರಕ್ಷಣೆ ಏನಾದರೂ ಇದ್ದರೆ ಇದರಲ್ಲಿದೆ. ವೇಷಧಾರಿಗಳೇ, ಆ ರಾತ್ರಿ ಹಾಕಿದ ಧಿಗಿಣ ಆ ರಾತ್ರಿಯ ಮರೆವಿಗೆ ಮದ್ದಲ್ಲ.

ತೋಟದವರ ಪ್ರಶ್ನೆಗೆ: ತೋಟದ ಕೆಲಸ ಖಂಡಿತ ಲೆಕ್ಕಕ್ಕೆ ಬರುತ್ತದೆ. ಆದರೆ ಎಲ್ಲ ಕೆಲಸ ಏರೋಬಿಕ್ ಅಲ್ಲ. ದೊಡ್ಡ ಸ್ನಾಯುಗಳು ಒಂದೇ ಸಮನೆ ದುಡಿದು, ಉಸಿರು ಮತ್ತು ಎದೆಬಡಿತ ಏರಿ, ಏರಿದಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು. ಯಂತ್ರ ಬೇಡ, ಒಂದು ಸುಲಭದ ಗುರುತು ಉಂಟು: ಮಾತಾಡಲಿಕ್ಕೆ ಆಗಬೇಕು, ಪದ್ಯ ಹೇಳಲಿಕ್ಕೆ ಆಗಬಾರದು. ಕುಳಿತು ಅಡಿಕೆ ಸುಲಿಯುವಾಗ ಪದ್ಯ ಹೇಳಬಹುದು, ಹಾಗಾಗಿ ಅದು ಸೇರುವುದಿಲ್ಲ. ಗೊನೆ ಹೊತ್ತು ಗುಡ್ಡೆ ಹತ್ತುವಾಗ ಹೇಳಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ ವಾರಕ್ಕೆ 150ರಿಂದ 300 ನಿಮಿಷ ಇಂಥ ಹದದ ಚಟುವಟಿಕೆ. ಒಂದೇ ಸಲ ಆಗಬೇಕೆಂದಿಲ್ಲ.

ಪೆರ್ಲದ ತೋಟದವ

ಹಾಗಾದರೆ ನಂಗೆ ವ್ಯಾಯಾಮ ಸಾಕಷ್ಟು ಉಂಟು, ಕೊರತೆ ಇರುವುದು ನಿದ್ದೆಗೆ. ಅದಕ್ಕೆ ಮದ್ದು ಹಂದಿಯ ಹತ್ತಿರ ಕೇಳಬೇಕು. ನೆರೆಯವರ ಜೊತೆ ಮಾತಾಡಿ ಸರದಿ ಮಾಡುವ ಅಂತ ಯೋಚನೆ. ನಮ್ಮದು ಮೂರು ತೋಟ ಒತ್ತೊತ್ತಿಗೆ, ಮೂವರೂ ರಾತ್ರಿ ಏಳುವುದು ಎಂತಕ್ಕೆ?

ಸಂಶಯದ ಪ್ರಾಣಿ

ಇಡೀ ಎಳೆಯಲ್ಲಿ ಇಷ್ಟರವರೆಗೆ ಬಂದ ಅತಿ ಉಪಯೋಗದ ಮಾತು ಇದು.

ನೀರ್ಚಾಲು ಅಮ್ಮ

ಎಲ್ಲ ಓದಿದೆ. ಗಂಡಸರ ನಿದ್ದೆಗೇಡು ಅಂದರೆ ಹಂದಿ, ಆಟ, ಬಾಡಿಗೆ. ನನ್ನ ಮಗುವಿಗೆ 5 ತಿಂಗಳು. ರಾತ್ರಿ ಎಷ್ಟು ಸಲ ಏಳುತ್ತೇನೆ ಅಂತ ಲೆಕ್ಕ ಇಟ್ಟವರಿಲ್ಲ. ಹಾಲು ಒಲೆಯಲ್ಲಿಟ್ಟು ಮರೆತರೆ ಮಾತ್ರ ಮನೆಯವರೆಲ್ಲ ಲೆಕ್ಕ ಇಡುತ್ತಾರೆ. ಈಗ ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಬೇರೆ! ಆ 150 ನಿಮಿಷ ಯಾರಾದರೂ ಮಗುವನ್ನು ಹಿಡಿದುಕೊಂಡರೆ ನಾನು ನಡೆಯುವುದಿಲ್ಲ, ಮಲಗುತ್ತೇನೆ. ತಪ್ಪಾ?

ಮಂಜೇಶ್ವರ ಫಿಸಿಯೋ

ತಪ್ಪೇ ಅಲ್ಲ, ಮಲಗಿ. ಅಷ್ಟು ನಿದ್ದೆ ಬಾಕಿ ಇರುವಾಗ ಸಿಕ್ಕಿದ ಹೊತ್ತು ಮೊದಲು ನಿದ್ದೆಗೇ ಹೋಗಬೇಕು. ಮಧ್ಯಾಹ್ನ 20–30 ನಿಮಿಷ ಕಣ್ಣು ಮುಚ್ಚಿದರೂ ವ್ಯತ್ಯಾಸ ಗೊತ್ತಾಗುತ್ತದೆ. ನಡಿಗೆ ಆಮೇಲೆ ಬರಲಿ, ಮಗುವನ್ನು ಎತ್ತಿಕೊಂಡು ಸಂಜೆ ಅಂಗಳದಲ್ಲಿ ನಾಲ್ಕು ಸುತ್ತಿನಿಂದ. ಮರೆವಿನ ಜೊತೆ ಸದಾ ಅಳು, ಯಾವುದರಲ್ಲೂ ಮನಸ್ಸಿಲ್ಲ, ಮಗು ಮಲಗಿದಾಗಲೂ ನಿದ್ದೆ ಬರುವುದಿಲ್ಲ, ಹೀಗೆಲ್ಲ ಇದ್ದರೆ ಡಾಕ್ಟರ ಹತ್ತಿರ ಹೇಳಿ. ಬಾಣಂತನದಲ್ಲಿ ಅದೂ ಆಗುವುದುಂಟು, ಅದಕ್ಕೆ ಚಿಕಿತ್ಸೆ ಉಂಟು.

ಪೆರ್ಲದ ತೋಟದವ

ಅಕ್ಕ, ಮನೆಯವರಿಗೆ ಈ ಎಳೆ ಓದಲಿಕ್ಕೆ ಕೊಡಿ.

ಎಲ್‌ಡಿಸಿ ಆಸೆ

ನಾನು ಕೇರಳ ಪಿಎಸ್‌ಸಿಗೆ ಓದುತ್ತಾ ಇದ್ದೇನೆ. ಕನ್ನಡ-ಮಲಯಾಳಂ ಎರಡೂ ಗೊತ್ತಿರುವವರ ಕ್ಲರ್ಕ್ ಹುದ್ದೆಗೆ. ಹಗಲು ಅಂಗಡಿ ಕೆಲಸ, ಓದುವುದು ರಾತ್ರಿ 1 ಗಂಟೆವರೆಗೆ. ಇಸವಿಗಳು, ಕಾಯ್ದೆಗಳು ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956 ನವೆಂಬರ್ 1, ಅದೊಂದು ಮಾತ್ರ ಮರೆಯುವುದಿಲ್ಲ, ಮನೆಯಲ್ಲಿ ಅಜ್ಜ ದಿನಾ ಹೇಳುತ್ತಾರೆ. ಓದಿದ ಕೂಡಲೇ ಓಡಿದರೆ ನೆನಪು ಉಳಿಯುತ್ತದಾ?

ಬದಿಯಡ್ಕ ಮೇಷ್ಟ್ರು

ಅಜ್ಜನ ವಿಧಾನ ಉತ್ತಮ. ದಿನಾ ಕೇಳುವುದು, ದಿನಾ ಹೇಳುವುದು.

ಓದಿ ಓಡುವುದರ ಬಗ್ಗೆ ನೆದರ್ಲೆಂಡ್ಸ್‌ನಲ್ಲಿ ಒಂದು ಚಂದದ ಪ್ರಯೋಗ ಆಗಿದೆ, 2016ರಲ್ಲಿ. 72 ಮಂದಿಗೆ 90 ಚಿತ್ರಗಳು ಪರದೆಯ ಮೇಲೆ ಎಲ್ಲೆಲ್ಲಿ ಬರುತ್ತವೆ ಅಂತ ಕಲಿಸಿದರು. ಕೆಲವರಿಗೆ ಕಲಿತ ಕೂಡಲೇ 35 ನಿಮಿಷ ಸೈಕಲ್. ಕೆಲವರಿಗೆ 4 ಗಂಟೆ ಬಿಟ್ಟು. ಉಳಿದವರಿಗೆ ಇಲ್ಲ. ಎರಡು ದಿನ ಕಳೆದು ಕೇಳಿದಾಗ ಜಾಸ್ತಿ ನೆನಪಿದ್ದದ್ದು 4 ಗಂಟೆ ಬಿಟ್ಟು ತುಳಿದವರಿಗೆ. ಕೂಡಲೇ ತುಳಿದವರಿಗೂ ತುಳಿಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಒಂದೇ ಪ್ರಯೋಗ, ಆರೋಗ್ಯವಂತ ಯುವಕರು, ರಾತ್ರಿ ಸರಿಯಾಗಿ ಮಲಗಿದವರು. ಹಾಗಾಗಿ 4 ಗಂಟೆ ಎಂಬುದನ್ನು ಮುಹೂರ್ತ ಅಂತ ಹಿಡಿಯಬೇಡಿ.

ನಿಮಗೆ ನನ್ನ ಸಲಹೆ ಬೇರೆ. ರಾತ್ರಿ 1 ಗಂಟೆಯ ಓದನ್ನು ಬಿಡಿ. 11ಕ್ಕೆ ಮಲಗಿ, 6ಕ್ಕೆ ಎದ್ದು ಅಂಗಡಿ ತೆರೆಯುವ ಮುಂಚೆ ಒಂದು ಗಂಟೆ ಓದಿ. ಕಷ್ಟದ ವಿಷಯ ಅದರಲ್ಲಿರಲಿ. ಗಾಢ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಜಾಸ್ತಿ, ಕನಸಿನ ನಿದ್ದೆ ಬೆಳಗಿನ ಬದಿಗೆ ಜಾಸ್ತಿ. ಕೊನೆಯ ಎರಡು ಗಂಟೆ ಕತ್ತರಿಸಿದರೆ ಒಂದು ಬಗೆಯ ನಿದ್ದೆಯೇ ಮೊಟಕಾಗುತ್ತದೆ. ನನ್ನ ಎಸ್‌ಎಸ್‌ಎಲ್‌ಸಿ ಮಕ್ಕಳಿಗೂ ಮಾರ್ಚ್ ಬಂದಾಗ ಇದನ್ನೇ ಹೇಳುವುದು. ಅವರು ಕೇಳುವುದಿಲ್ಲ, ಆ ವಿಷಯ ಬೇರೆ.

ಎಲ್‌ಡಿಸಿ ಆಸೆ

ಸರ್, 11ಕ್ಕೆ ಮಲಗಿದರೆ ಅಜ್ಜ ಹೇಳುತ್ತಾರೆ, ‘ಇವನಿಗೆ ಓದುವ ಮನಸ್ಸಿಲ್ಲ’ ಅಂತ. ಪ್ರಯತ್ನ ಮಾಡುತ್ತೇನೆ.

ಕುಂಬಳೆ ನೈಟ್ ಡ್ಯೂಟಿ

ಎಲ್ಲರ ಮಾತು ಓದಿದೆ. ಫಿಸಿಯೋ ಅವರೇ, ನನ್ನ ಲೆಕ್ಕಕ್ಕೆ ಹೊಂದುವ ಹಾಗೆ ಹೇಳಿ. ಪಾಳಿ ರಾತ್ರಿ 8ರಿಂದ ಬೆಳಿಗ್ಗೆ 8. ಮನೆಗೆ ತಲುಪುವಾಗ 10 ದಾಟುತ್ತದೆ. ಒಂದು ವಾರ ರಾತ್ರಿ, ಆಮೇಲೆ ಹಗಲು.

ಮಂಜೇಶ್ವರ ಫಿಸಿಯೋ

ಹಗಲು ಪಾಳಿಯ ವಾರಗಳೇ ನಿಮಗೆ ಮುಖ್ಯ. ತಾಕತ್ತು ಬರುವುದು ಆಗ. ವಾರಕ್ಕೆ 4–5 ದಿನ, ಅರ್ಧ ಗಂಟೆ, ಮಾತಾಡಬಹುದು ಪದ್ಯ ಹೇಳಲಿಕ್ಕಾಗದು ಅನ್ನುವ ಹದದಲ್ಲಿ. ಸ್ಟೇಷನ್‌ನಿಂದ ಮನೆಗೆ ಆಟೋ ಬಿಟ್ಟು ನಡೆದರೂ ಆಯಿತು. ಒಂದು ತಿಂಗಳು ಬಿಡದೆ ಮಾಡಿ, ಆಮೇಲೆ ಲಾಭ ನಷ್ಟ ನೋಡುವ.

ರಾತ್ರಿಪಾಳಿಯ ವಾರ ಹೊಸ ಸಾಹಸ ಬೇಡ. ಬೆಳಿಗ್ಗೆ ಬಂದ ಮೇಲೆ ಓಡಬೇಡಿ. ಮೈ ಬಿಸಿಯಾಗಿ, ಬಿಸಿಲು ಕಣ್ಣಿಗೆ ಬಿದ್ದು ಬರುವ ನಿದ್ದೆಯೂ ಹೋಗುತ್ತದೆ. ಏನಾದರೂ ತಿಂದು, ಕೋಣೆ ಕತ್ತಲೆ ಮಾಡಿ ಮಲಗಿ. ಮನೆಯವರಿಗೆ ಹೇಳಿ, ಮಿಕ್ಸಿ, ಕಾಲಿಂಗ್ ಬೆಲ್, ಫೋನ್ ಎಲ್ಲ ಸಂಜೆವರೆಗೆ ಇಲ್ಲ ಅಂತ. ಸಂಜೆ ಎದ್ದು ಡ್ಯೂಟಿಗೆ ಹೊರಡುವ ಮುಂಚೆ 20 ನಿಮಿಷ ನಡೆಯಿರಿ, ಸಾಕು. ಕಾಫಿ ಪಾಳಿಯ ಮೊದಲ ಅರ್ಧದಲ್ಲಿ ಕುಡಿಯಿರಿ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲಿಕ್ಕೆ ಸುಮಾರು 5 ಗಂಟೆ ಬೇಕು, ಬೆಳಗಿನ ಜಾವದ ಕಾಫಿ ಮನೆಯ ಹಾಸಿಗೆಯವರೆಗೂ ಹಿಂದೆ ಬರುತ್ತದೆ. ನಡುರಾತ್ರಿ ಸರದಿಯಲ್ಲಿ 20 ನಿಮಿಷ ಮಲಗಲಿಕ್ಕೆ ಬಿಡುತ್ತಾರಾ ಕೇಳಿ ನೋಡಿ. ಎದ್ದ ಮೇಲೆ ಅರ್ಧ ಗಂಟೆಯವರೆಗೂ ಮಂಕು ಇರಬಹುದು, ಆ ಹೊತ್ತಿನಲ್ಲಿ ಇಂಜೆಕ್ಷನ್ ಕೆಲಸ ಬೇಡ.

ಅಂಗೈಯಲ್ಲಿ ಬರೆಯುವ ಅಭ್ಯಾಸ ಮಾತ್ರ ಬಿಡಬೇಡಿ, ಅಂಗೈ ಬದಲು ಸಣ್ಣ ಪುಸ್ತಕ ಆದರೆ ಇನ್ನೂ ಒಳ್ಳೆಯದು. ಎಷ್ಟು ನಡೆದರೂ ರೋಗಿಯ ವಿಷಯದಲ್ಲಿ ನೆನಪನ್ನು ನಂಬಬಾರದು.

ಕುಂಬಳೆ ನೈಟ್ ಡ್ಯೂಟಿ

ನಡುರಾತ್ರಿ ಮಲಗಲಿಕ್ಕೆ ಬಿಡುವುದಿಲ್ಲ, ಕೇಳಿ ಆಗಿದೆ. ಕುರ್ಚಿಯಲ್ಲಿ ಕಣ್ಣು ಮುಚ್ಚಿದರೂ ಮೆಮೋ. ಉಳಿದದ್ದು ಮಾಡಬಹುದು. ಆದರೆ ಜೂನ್ ಬಂದರೆ ನಮ್ಮಲ್ಲಿ ನಡೆಯುವುದು ಎಲ್ಲಿ? ಕೊಡೆ ಹಿಡಿದು ಬಿರುಸಾಗಿ ನಡೆದರೆ ಸೊಂಟದಿಂದ ಕೆಳಗೆ ಎಲ್ಲ ಚಂಡಿ.

ಮುಳ್ಳೇರಿಯ ವೇಷಧಾರಿ

ಮಳೆಗಾಲಕ್ಕೆ ನಮ್ಮ ಹತ್ತಿರ ಮದ್ದು ಉಂಟು. ಪತ್ತನಾಜೆ ಕಳೆದ ಮೇಲೆ ಸಂಘದ ಸಭಾಂಗಣದಲ್ಲಿ ನಾಟ್ಯ ತರಗತಿ, ದೊಡ್ಡವರೂ ಬರುತ್ತಾರೆ. ತಿತ್ತಿತೈ ಶುರು ಮಾಡಿ ಕಾಲು ಗಂಟೆಯಲ್ಲಿ ಪದ್ಯ ಹೇಳುವುದು ಬಿಡಿ, ಮಾತಾಡಲಿಕ್ಕೂ ಆಗುವುದಿಲ್ಲ. ಕುಂಬಳೆ ಕಡೆಯೂ ಇಂಥ ತರಗತಿ ಇರಬೇಕು, ವಿಚಾರಿಸಿ.

ಸಂಶಯದ ಪ್ರಾಣಿ

ನಂಗೆ 58, ಮಂಡಿ ನೋವು. ಕುಣಿದರೆ ನೆನಪು ಉಳಿಯಬಹುದು, ಮಂಡಿ ಉಳಿಯುವುದಿಲ್ಲ.

ಮಂಜೇಶ್ವರ ಫಿಸಿಯೋ

ನಿಮಗೆ ಸೈಕಲ್ ಅಥವಾ ಈಜು. ಮನೆ ಹತ್ತಿರ ಕೆರೆ ಇದ್ದು ಈಜು ಬರುತ್ತದಾದರೆ ಅದಕ್ಕಿಂತ ಒಳ್ಳೆಯದಿಲ್ಲ, ಒಬ್ಬರೇ ಇಳಿಯಬೇಡಿ. ಶುರು ಮಾಡುವ ಮುಂಚೆ ಬಿಪಿ, ಶುಗರ್ ನೋಡಿಸಿ. ನಡೆಯುವಾಗ ಎದೆ ಹಿಡಿದ ಹಾಗೆ ಆಗುವುದಿದ್ದರೆ ಮೊದಲು ಹೃದಯದ ಡಾಕ್ಟರು, ಆಮೇಲೆ ಕೆರೆ. ಮತ್ತೆ ಒಂದು ಪ್ರಶ್ನೆ: ಜೋರಾಗಿ ಗೊರಕೆ ಉಂಟಾ? 8 ಗಂಟೆ ಮಲಗಿಯೂ ಹಗಲು ತೂಕಡಿಕೆ, ಮರೆವು ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಾ ಇರಬಹುದು. ಅದನ್ನು ಬರೀ ನಡಿಗೆಗೆ ಬಿಡದೆ ಪರೀಕ್ಷೆ ಮಾಡಿಸಬೇಕು.

ಸಂಶಯದ ಪ್ರಾಣಿ

ಗೊರಕೆಯ ವಿಷಯ ಹೆಂಡತಿಯ ಹತ್ತಿರ ಕೇಳಿದೆ. ಉತ್ತರ ಇಲ್ಲಿ ಬರೆಯುವ ಹಾಗಿಲ್ಲ. ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇನೆ.